ಅಪ್ಪನ ಬೀರುವಿನ ಬೀಗ

"ಯಜಮಾನನ ಕುರ್ಚಿ ನಿನ್ನ ತಮ್ಮನಿಗೆ ಕೊಡ್ತೀನಿ ಕಣಮ್ಮ. ಅವನಿಗಿನ್ನೂ ಹೇಳಿಲ್ಲ. ನೀನು ಪಕ್ಕದಲ್ಲಿದ್ದು ನೋಡ್ಕೋ," ಎಂದಿದ್ದರು ಅಪ್ಪ, ಆ ಕಿಟಕಿ ಸ್ವಲ್ಪ ಮುಚ್ಚು ಎಂದಷ್ಟೇ ಸಲೀಸಾಗಿ. ಅವರು ಕಟ್ಟಿದ ಬೀಗದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಹಿತ್ತಾಳೆಯ ಪುಡಿ ನುಂಗಿದವಳು ಅವಳು. ತಮ್ಮನ ಉಗುರಿನಲ್ಲಿ ಒಂದು ದಿನವೂ ಗ್ರೀಸ್ ಕಂಡಿದ್ದಿಲ್ಲ.

"ಆಗಲಿ ಅಪ್ಪ," ಎಂದಳು.

ಅಪ್ಪ ತಾವೇ ಟೈಪ್ ಮಾಡಿದ್ದ ಆ ನಿರ್ಧಾರದ ಪತ್ರ ಕಾರ್ಖಾನೆಯ ಅವರ ಕೋಣೆಯ ಬೀರುವಿನಲ್ಲಿತ್ತು. ಸೋಮವಾರ ವಕೀಲರ ಎದುರು ತೆಗೆದು ಓದಬೇಕು. ಆದರೆ ಅಪ್ಪನಿಗೆ ಈಚೆಗೆ ಮರೆವು. ಹಿಂದಿನ ವಾರ ಮೂವತ್ತು ವರ್ಷದ ಮೇಸ್ತ್ರಿಯ ಹೆಸರಿಗೇ ತಡಕಾಡಿದ್ದರು. ಪತ್ರದಲ್ಲಿ ಮಗಳ ಹೆಸರಿದ್ದರೆ, ಹಾಗೇ ಬರೆದಿದ್ದೆನೇನೋ ಎಂದುಕೊಂಡು ಸುಮ್ಮನಾಗುತ್ತಾರೆ.

ತನ್ನ ಹೆಸರು ಹಾಕಿ ಟೈಪ್ ಮಾಡಿದ ಹೊಸ ಪತ್ರವನ್ನು ಆರ್ಡರ್ ಕಾಗದಗಳ ನಡುವೆ ತೂರಿಸಿದಳು. "ಇಷ್ಟೊಂದಾ? ನನ್ನ ಕೈ ಬೀಳಿಸ್ತೀಯ ನೀನು," ಎಂದು ಗೊಣಗುತ್ತಲೇ ಅಪ್ಪ ಎಲ್ಲಕ್ಕೂ ಸಹಿ ಹಾಕಿದರು. ಸಹಿ ಅಸಲಿಯೇ ಆಯಿತು. ಕೀಲಿ ಅವರ ಸೊಂಟ ಬಿಟ್ಟು ಕದಲುತ್ತಿರಲಿಲ್ಲ. ಅದರ ಹಲ್ಲುಗಳನ್ನು ಕಣ್ಣಳತೆಯಲ್ಲೇ ಹಿಡಿದು, ಅಂಥದೇ ಇನ್ನೊಂದನ್ನು ತಾನೇ ಅರದಿಂದ ಉಜ್ಜಿ ತಯಾರಿಸಿದಳು.

ಶನಿವಾರ ಊಟದ ಬಿಡುವಿನಲ್ಲಿ, ಅಪ್ಪ ಡಾಕ್ಟರ ಬಳಿ ಹೋಗಿದ್ದಾಗ, ಕೈಗವಸು ತೊಟ್ಟು ಬೀರುವಿನ ಮುಂದೆ ನಿಂತಳು. ಬೀಗ ಬಿಗಿಯಾಗಿತ್ತು. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದಂತೆ ಕೀಲಿಯ ತುದಿಗೆ ಎರಡು ಹನಿ ಎಣ್ಣೆ ಬಿಟ್ಟು ಹಗುರಾಗಿ ತಿರುಗಿಸಿದಳು. ಹಳೆಯ ಪತ್ರ ಹೋಗಿ ಹೊಸದು ಬಂತು. ಹಳೆಯದೂ ಕಳ್ಳಗೀಲಿಯೂ ಕುಲುಮೆಯ ಪಾಲಾದವು. ಒಂದು ಕೂದಲೆಳೆಯಷ್ಟೂ ಸುಳಿವು ಉಳಿಯಲಿಲ್ಲ.

ಸೋಮವಾರ ವಕೀಲರು ಕನ್ನಡಕ ಒರೆಸುತ್ತಾ ಕೂತಿದ್ದರು. ತಮ್ಮ ಆಕಳಿಸಿದ. "ಅಕ್ಕ, ನೀನೇ ಯಜಮಾನಿ ಆಗ್ಬಿಡೇ. ನಂಗೆ ಬೆಳಗ್ಗೆ ಎಂಟಕ್ಕೆಲ್ಲ ಏಳೋಕಾಗಲ್ಲ."

"ಸುಮ್ನಿರೋ," ಎಂದಳು. ಅವಳಿಗೆ ನಗು ಬರಲಿಲ್ಲ.

ಅಪ್ಪ ಕೀಲಿ ತೂರಿಸಿ, ಎಂದಿನಂತೆ ಭುಜವನ್ನೆಲ್ಲ ಹಾಕಿ ತಿರುಗಿಸಿದರು. ಕೀಲಿ ಬೆಣ್ಣೆಯಲ್ಲಿ ಆಡಿದಂತೆ ಸರಕ್ಕನೆ ತಿರುಗಿತು. ಅವರು ಹಾಗೇ ನಿಂತರು. ಮತ್ತೆ ಹಾಕಿ, ಮತ್ತೆ ತೆಗೆದರು. ಕೀಲಿಯನ್ನು ಮೂಗಿನ ಬಳಿ ಹಿಡಿದು ಮೂಸಿದರು. "ಇದೊಂದು ಬೀಗಕ್ಕೆ ನಾನು ಎಣ್ಣೇನೇ ಬಿಡಲ್ಲ. ಯಾರಾದ್ರೂ ಮುಟ್ಟಿದ್ರೆ ನನ್ನ ಕೈಗೆ ಗೊತ್ತಾಗ್ಬೇಕು ಅಂತ." ಅವರ ನೋಟ ಮಗನನ್ನು ದಾಟಿ ಬಂದು ಅವಳ ಮೇಲೆ ನಿಂತಿತು. "ಅವನಿಗೆ ಇಷ್ಟು ಕೆಲಸ ಬರಲ್ಲ ಕಣಮ್ಮ."