ಅವನ ಹತ್ತೊಂಬತ್ತು ಅರ್ಜಿಗಳು

"ನೀವಾ?!"

ಅವಳ ಬಾಯಿಂದ ಹೊರಟದ್ದು ಅದೊಂದೇ ಮಾತು. ಕೈಯಲ್ಲಿದ್ದ ಲ್ಯಾಪ್‌ಟಾಪ್ ಜಾರಿ ಬೀಳದಿದ್ದದ್ದೇ ಪುಣ್ಯ.

ಕಿಟಕಿಯ ಪಕ್ಕ ನಿಂತಿದ್ದವನು ತಿರುಗಿದ. ಕನ್ನಡಕ ಹೊಸದು. ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು. ಉಳಿದಂತೆ ಅದೇ ಮುಖ, ಅದೇ ಹಾಳು ಮೌನ!

"ಹೇಗಿದ್ದೀರಿ?" ಎಂದ ಕೊನೆಗೂ.

ಏಳು ವರ್ಷದ ಹಿಂದೆ ಒಂದೇ ಲೋಟದ ಕಾಫಿ ಹಂಚಿಕೊಂಡವರು ಈಗ ಬಹುವಚನದಲ್ಲಿ ಮರ್ಯಾದೆ ಕೊಟ್ಟುಕೊಳ್ಳುತ್ತಿದ್ದರು. ಅವಳಿಗೆ ಅಳು ಬಂತೋ ಸಿಟ್ಟು ಬಂತೋ, ಅವಳಿಗೇ ತಿಳಿಯಲಿಲ್ಲ. ಸಿಟ್ಟು ಸುಲಭ. ಅದನ್ನೇ ಆರಿಸಿಕೊಂಡಳು.

"ಮಾಮಾ!" ಬಾಗಿಲ ಕಡೆ ತಿರುಗಿ ಕೂಗಿದಳು.

ಮಾಮ ಎಂದರೆ ಅವಳ ತಾಯಿಯ ತಮ್ಮ, ಈ ಪುಟ್ಟ ಕಂಪನಿಯ ಯಜಮಾನ. ಎಲ್ಲರಿಗೂ ಅಡ್ಡಹೆಸರಿಡುವ ಚಟ ಅವರಿಗೆ. ಇವಳು ಸಿಡುಕಿ. ಅವನು ಮೌನಿ.

"ಏನೇ ಸಿಡುಕಿ? ಆ ಫೋನಿನ ಒಳಗುಟ್ಟು ಬಲ್ಲವರು ಬೇಕು ಅಂತ ನೀನೇ ತಾನೇ ಪ್ರಾಣ ತಿಂದಿದ್ದು? ಆ ಫೋನಿಗೆ ಆ್ಯಪ್ ಬರೆಯೋದೇ ಈಗ ಅವನ ಕೆಲಸ, ಕರೆಸಿದೀನಿ. ಮೂರು ವಾರ ಇರ್ತಾನೆ. ಫೋನ್ ಕಂಪನಿಯ ಒಪ್ಪಿಗೆ ಸಿಕ್ಕಿದ ದಿನ ಹೊರಡ್ತಾನೆ."

"ಹೇಳಬೇಕಿತ್ತು ನನಗೆ!"

"ಹೇಳಿದ್ರೆ ನೀನು ಒಪ್ತಿದ್ಯಾ?"

ಒಪ್ಪುತ್ತಿರಲಿಲ್ಲ.

ಏಳು ವರ್ಷದ ಹಿಂದೆ ಆಫೀಸೆಂದರೆ ಮಾಮನ ಕಂಪ್ಯೂಟರ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಒಂದು ಮೇಜು, ಗಡಗಡ ಸದ್ದು ಮಾಡುವ ಒಂದು ಫ್ಯಾನು, ಬೆಸುಗೆಯ ವಾಸನೆ. ಆ ಕೋಣೆಯಲ್ಲಿ ಇಬ್ಬರೂ ಸೇರಿ 'ಕಾವಲು' ಬರೆದರು. ನಿಮ್ಮ ಕಂಪ್ಯೂಟರಿನೊಳಗಿನ ಯಾವ ಪ್ರೋಗ್ರಾಂ ನಿಮಗೆ ಗೊತ್ತಿಲ್ಲದೆ ಹೊರಗೆ ಯಾರ ಜೊತೆ ಮಾತಾಡುತ್ತಿದೆ ಎಂದು ಸಾಲುಸಾಲಾಗಿ ತೋರಿಸುವ ಸಾಫ್ಟ್‌ವೇರ್ ಅದು. ಮೊದಲ ಸಾಲು ಪರದೆಯ ಮೇಲೆ ಮೂಡಿದ ದಿನ ಅವಳು ಖುಷಿಗೆ ಅವನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಿದ್ದಳು. ಅವನು ನಕ್ಕಿದ್ದ. ಎಷ್ಟು ಚೆನ್ನಾಗಿ ನಗುತ್ತಿದ್ದ ಆಗ!

ಪ್ರೀತಿ ಎಂಬ ಮಾತನ್ನು ಇಬ್ಬರೂ ಆಡಿರಲಿಲ್ಲ. ಆಡುವ ಮೊದಲೇ ಎಲ್ಲವೂ ಮುಗಿದಿತ್ತು.

ಹೊಸ ಆವೃತ್ತಿಯನ್ನು ಪರೀಕ್ಷಿಸಬೇಕಾದಾಗ ಅವರು ತಮ್ಮ ಕಂಪ್ಯೂಟರುಗಳ ಮೇಲೇ ಓಡಿಸಿ, ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ನೋಡುವುದು ರೂಢಿ. ಹಾಗೆ ಅವನ ಪಟ್ಟಿ ನೋಡುತ್ತಿದ್ದಾಗ ಅವಳ ಕಣ್ಣಿಗೆ ಬಿತ್ತು... ದಿನಾ ಬೆಳಿಗ್ಗೆ ಹನ್ನೊಂದೂಕಾಲಿಗೆ ಅವನ ಕಂಪ್ಯೂಟರು ಆ ದೊಡ್ಡ ಫೋನ್ ಕಂಪನಿಯ ಜೊತೆ ಮಾತಾಡುತ್ತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ವಾರ!

'ಅಲ್ಲಿ ಕೆಲಸ ಹುಡುಕ್ತಿದಾನೆ. ನಮ್ಮ ಕೆಲಸವನ್ನೇ ತೋರಿಸಿ, ನನಗೊಂದು ಮಾತೂ ಹೇಳದೆ...'

ಅವಳು ಕೇಳಲಿಲ್ಲ. "ನನಗೆಲ್ಲಾ ಗೊತ್ತಾಗಿದೆ. ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ. ನನ್ನ ಕಣ್ಣೆದುರು ಇರಬೇಡ" ಎಂದಳು. ಅವನು ತಲೆ ತಗ್ಗಿಸಿ ನಿಂತ. ಮರುದಿನ ಮೇಜಿನ ಅವನ ಅರ್ಧ ಖಾಲಿಯಾಗಿತ್ತು.

ತಲೆ ತಗ್ಗಿಸಿದ್ದನ್ನೇ ಅವಳು ತಪ್ಪೊಪ್ಪಿಗೆ ಎಂದು ತಿಳಿದಳು. ಏಳು ವರ್ಷ ಹಾಗೆಯೇ ತಿಳಿದಿದ್ದಳು.

ಈಗ ಎಲ್ಲರ ಬದುಕೂ ಫೋನಿಗೆ ಹೋಗಿತ್ತು, ಕಾವಲೂ ಹೋಗಲೇಬೇಕಿತ್ತು. ಆದರೆ ಆ ದೊಡ್ಡ ಕಂಪನಿಯ ಫೋನು ಮಹಾ ಬಿಗಿ. ಅದರಲ್ಲಿ ಪ್ರತಿ ಆ್ಯಪೂ ತನ್ನ ಕೋಣೆಯಲ್ಲಿ ತಾನು ಕೂತಿರಬೇಕು, ಪಕ್ಕದ ಕೋಣೆಗೆ ಇಣುಕುವ ಹಾಗಿಲ್ಲ. ಇಣುಕುವುದೇ ಕೆಲಸವಾದ ಸಾಫ್ಟ್‌ವೇರಿನ ಗತಿ ಏನಾಗಬೇಕು?

"ಒಂದೇ ದಾರಿ," ಎಂದ ಅವನು ಮೊದಲ ದಿನ. "ಫೋನಿಂದ ಹೊರಗೆ ಹೋಗೋ ಎಲ್ಲ ಸಂಚಾರಾನೂ ನಮ್ಮದೇ ಒಂದು ಸುರಂಗದ ಮೂಲಕ ಕಳಿಸಬೇಕು. ಹೋಗ್ತಾ ಹೋಗ್ತಾ ವಿಳಾಸ ಬರೆದುಕೊಳ್ಳಬೇಕು."

"ಯಾವ ಆ್ಯಪ್ ಕಳಿಸಿದ್ದು ಅಂತ?"

"ಅದನ್ನ ಫೋನು ಹೇಳಲ್ಲ. ಅದಕ್ಕೆ ಫೋನ್ ಕಂಪನಿಯ ವಿಶೇಷ ಒಪ್ಪಿಗೆ ಬೇಕು. ಕೊಡೋದು ಅಪರೂಪ."

ಸುರಂಗ ಕಟ್ಟಿದರು. ಸರಿಯಾಗಿ ಹನ್ನೊಂದು ನಿಮಿಷಕ್ಕೆ ಅದು ಸತ್ತುಹೋಯಿತು. ಮತ್ತೆ ಓಡಿಸಿದರು, ಮತ್ತೆ ಹನ್ನೊಂದು ನಿಮಿಷ. ಒಂದು ದೂರಿಲ್ಲ, ಒಂದು ಎಚ್ಚರಿಕೆಯಿಲ್ಲ!

"ಮೆಮೊರಿ," ಎಂದ. "ನಮಗೆ ಕೊಟ್ಟಿರೋದು ಅಂಗೈಯಗಲ. ದಾಟಿದ್ರೆ ಹೇಳದೆ ಕೇಳದೆ ಹೊರಗೆ ಹಾಕುತ್ತೆ."

"ಒಂದು ಮಾತು ಹೇಳಬಾರದಾ, ಯಾಕೆ ಹೊರಗೆ ಹಾಕಿದೆ ಅಂತ?" ಎಂದು ರೇಗಿದಳು.

ಅವನು ಅವಳನ್ನೇ ನೋಡಿದ. ಅವಳ ಮುಖ ಬಿಸಿಯಾಯಿತು. ಇಬ್ಬರೂ ಪರದೆಗೆ ಕಣ್ಣು ನೆಟ್ಟರು.

ಎರಡು ವಾರ ಸಾಲು ಸಾಲು ಕೋಡ್ ಕತ್ತರಿಸಿದರು. ಅವಳು ಬರೆದದ್ದನ್ನು ಅವನು ಅರ್ಧ ಮಾಡುತ್ತಿದ್ದ, ಆ ಅರ್ಧವನ್ನು ಅವಳು ಕಾಲು ಮಾಡುತ್ತಿದ್ದಳು. ಜಗಳವೂ ಹಳೆಯದೇ, ಲಯವೂ ಹಳೆಯದೇ. ಯಾವ ಗಳಿಗೆಯಲ್ಲಿ ನೀವು ಹೋಗಿ ನೀನು ಬಂತೋ, ಇಬ್ಬರೂ ಗಮನಿಸಲಿಲ್ಲ. ಮಾಮ ಗಮನಿಸಿದರು. ಗಮನಿಸದವರ ಹಾಗೆ ಪೇಪರ್ ಓದುತ್ತಿದ್ದರು, ಅದನ್ನು ತಲೆಕೆಳಗಾಗಿ ಹಿಡಿದು.

ಸುರಂಗ ಇಡೀ ದಿನ ಬದುಕಿತು. ಉಳಿದದ್ದು ಒಪ್ಪಿಗೆಯ ಅರ್ಜಿಯೊಂದೇ.

ಒಪ್ಪಿಗೆ ಸಿಗಬೇಕು, ಇಲ್ಲದಿದ್ದರೆ ಎರಡು ವಾರದ ಕೆಲಸ ನೀರುಪಾಲು. ಸಿಕ್ಕರೆ ಅವನು ಹೊರಟುಹೋಗುತ್ತಾನೆ. 'ಅವನು ನನಗೆ ಮೋಸ ಮಾಡಿದವನು,' ಎಂದು ತನಗೇ ನೆನಪಿಸಿಕೊಂಡಳು. 'ಹೋದರೆ ಹೋಗಲಿ.' ಆದರೆ ಎದೆ ಕೇಳಬೇಕಲ್ಲ!

ಶುಕ್ರವಾರ ಮಧ್ಯಾಹ್ನ ಅರ್ಜಿ ತುಂಬಲು ಕೂತಳು. ತಮ್ಮ ಕಂಪನಿಯ ಹೆಸರು ಹಾಕುತ್ತಿದ್ದಂತೆ ಪರದೆಯಲ್ಲಿ ಒಂದು ಸಾಲು ಬಂತು: ಈ ಹೆಸರಿನಲ್ಲಿ ಹಿಂದೆ ಹತ್ತೊಂಬತ್ತು ಅರ್ಜಿಗಳು ಬಂದಿವೆ.

ಹತ್ತೊಂಬತ್ತಾ? ಯಾರು ಹಾಕಿದ್ದು?

ತೆರೆದಳು. ಏಳು ವರ್ಷದ ಹಿಂದಿನ ತಾರೀಖುಗಳು. ಎಲ್ಲವೂ ಬೆಳಿಗ್ಗೆ ಹನ್ನೊಂದೂಕಾಲು.

ಪ್ರತಿಯೊಂದರಲ್ಲೂ 'ರೂಪಿಸಿದವರು' ಎಂಬಲ್ಲಿ ಅವಳ ಹೆಸರು. ಕೆಳಗೆ ಅವನ ಮಾತು: 'ಇದು ಪೂರ್ತಿಯಾಗಿ ಇವರ ಆಲೋಚನೆ. ನಿಮ್ಮ ಫೋನಿಗೆ ಇದು ಬಂದರೆ ಬಳಸುವವರಿಗೆ ಒಳ್ಳೆಯದು. ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ.' ಪ್ರತಿಯೊಂದಕ್ಕೂ ಒಂದೇ ಉತ್ತರ: ತಿರಸ್ಕೃತ. ಮರುದಿನ ಅವನು ಮತ್ತೆ ಬರೆದಿದ್ದ. ಅದರ ಮರುದಿನ ಮತ್ತೆ...

ಅಕ್ಷರಗಳು ಮಂಜಾದವು. ಅವಳು ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ಎದ್ದು ಹೊರಗೆ ಹೋದಾಗ ಅವನು ಮೆಟ್ಟಿಲ ತಿರುವಿನ ಕಿಟಕಿಯ ಹತ್ತಿರ ನಿಂತಿದ್ದ. ಅವಳ ಕಣ್ಣು ನೋಡಿ ಗಾಬರಿಯಾದ.

"ಏನಾಯ್ತು? ಮತ್ತೆ ತಿರಸ್ಕರಿಸಿದ್ರಾ?"

"ನನಗ್ಯಾಕೆ ಹೇಳಲಿಲ್ಲ ನೀನು, ಅರ್ಜಿ ಹಾಕ್ತಿದೀನಿ ಅಂತ?"

ಅವನಿಗೆ ಅರ್ಥವಾಗಲಿಲ್ಲ. "ನಿನಗೆ ಗೊತ್ತಾಗಿತ್ತಲ್ಲ? ನಿನ್ನ ಕೇಳದೆ ನಿನ್ನ ಹೆಸರಲ್ಲಿ ಬರೆದೆ ಅಂತಾನೇ ತಾನೇ ಬೈದಿದ್ದು? 'ನನಗೆಲ್ಲಾ ಗೊತ್ತಾಗಿದೆ' ಅಂದೆ. ತಪ್ಪು ನಂದೇ ಅನ್ಕೊಂಡು ಹೋದೆ. ಒಪ್ಪಿಗೆ ಸಿಕ್ಕಿದ ಮೇಲೆ ನಿನಗೆ ತೋರಿಸಿ, ಆಮೇಲೆ... ಆಮೇಲೆ ಒಂದು ಮಾತು ಹೇಳಬೇಕು ಅಂತಿತ್ತು."

"ಅಯ್ಯೋ ದೇವರೇ!" ಅವಳು ಮೆಟ್ಟಿಲ ಮೇಲೇ ಕುಸಿದು ಕೂತಳು. "ನೀನು ಅಲ್ಲಿ ಕೆಲಸ ಹುಡುಕ್ತಿದೀಯ ಅಂದ್ಕೊಂಡೆ ಕಣೋ. ಪಟ್ಟೀಲಿ ಅವರ ವಿಳಾಸ ಕಾಣಿಸ್ತು. ಅಷ್ಟು ಸಾಕಾಯ್ತು ನನಗೆ! ಯಾರ ಜೊತೆ ಮಾತಾಡಿದ್ರು ಅಂತಷ್ಟೇ ಕಾವಲು ತೋರಿಸುತ್ತೆ, ಏನು ಮಾತಾಡಿದ್ರು ಅಂತ ತೋರಿಸಲ್ಲ. ಬರೆದವಳೇ ನಾನು. ನನಗೇ ಅದು ಹೊಳೀಲಿಲ್ಲ..."

ಅವನು ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ನಾನೂ ಕೇಳಬಹುದಿತ್ತು, ಏನು ಗೊತ್ತಾಯ್ತು ನಿನಗೆ ಅಂತ."

"ಕ್ಷಮಿಸ್ತೀಯಾ?"

"ಅಳಬೇಡ ಮೊದಲು."

ಮೇಲಿನಿಂದ ಮಾಮನ ಧ್ವನಿ ಬಂತು. "ಲೇ ಸಿಡುಕಿ, ಅರ್ಜಿ ಅರ್ಧಕ್ಕೇ ನಿಂತಿದೆಯಲ್ಲೇ!"

"ಕಳಿಸ್ತೀನಿ ಮಾಮಾ!" ಎಂದಳು, ಆದರೆ ಕೂತಲ್ಲಿಂದ ಅಲುಗಲಿಲ್ಲ. ಈಗಲೂ ಕೇಳದೆ ಎದ್ದರೆ ಇನ್ನೆಂದೂ ಕೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

"ಒಪ್ಪಿಗೆ ಸಿಗಲಿ, ಬಿಡಲಿ, ನೀನು ಹೋಗಬೇಡ. ನನಗೆ ನೀನು ಬೇಕು. ಆಗಲೂ ಬೇಕಿತ್ತು. ಈಗ ಬಾಯಿಬಿಟ್ಟು ಕೇಳ್ತಿದೀನಿ... ನಿನಗೆ ನಾನು ಇನ್ನೂ ಬೇಕಾ?"

"ಬೇಕು."

"ಅಷ್ಟೇನಾ? ಏಳು ವರ್ಷಕ್ಕೆ ಒಂದೇ ಮಾತಾ ಮೌನಿ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

"ಈ ಏಳು ವರ್ಷದಲ್ಲಿ ಮೂರು ಮನೆ ಬದಲಾಯಿಸಿದೆ. ಪ್ರತಿ ಮನೆಗೂ ಎರಡು ಕುರ್ಚಿ ತಂದೆ. ಒಬ್ಬರೇ ಇರೋದಲ್ವಾ, ಎರಡ್ಯಾಕೆ ಅಂತ ಅಂಗಡಿಯವರು ಕೇಳೋರು."

"ನೀನೇನಂತಿದ್ದೆ?"

"ಒಬ್ಬಳು ಬರೋಳಿದಾಳೆ ಅಂತಿದ್ದೆ."

ಅವಳು ಅವನ ಕೈ ಹಿಡಿದಳು. "ನಾಳೆ ಬರ್ತೀನಿ, ಕುರ್ಚಿ ನೋಡೋಕೆ."

"ನೋಡೋಕಷ್ಟೇನಾ?"

"ಕೂತ್ಕೊಳ್ಳೋಕೆ ಕಣೋ."