ಹೊಳೆಗೆ ಬಿಟ್ಟ ಸೀರೆ

"ನಡುಗಡ್ಡ್ಯಾಗ ಎಲ್ಲೆರೆ ಸೀರಿ ಬಿದ್ದದ್ದು ಕಂಡ್ರ ಮುಟ್ಟಬ್ಯಾಡ್ರಿ, ಸಾಹೇಬ್ರ," ಎಂದ ದೋಣಿಯ ಹುಸೇನಸಾಬ. "ಪೀಡಾ ಕಟ್ಟಿ ಹೊಳೀಗಿ ಬಿಟ್ಟಿರ್ತಾರ. ಮುಟ್ಟಿದಾಂವ ದಂಡಿ ಹತ್ತಿದ್ರ, ಪೀಡಾನೂ ಅವನ ಬೆನ್ನ ಹತ್ತಿ ಮನೀಗಿ ಬರ್ತದ."

ದೌಲತರಾಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಂಗಾರ ನಾ ಹೊಳ್ಯಾಗೇ ಇರ್ತೀನಿ ಬಿಡೋ. ದಂಡಿ ಯಾರಿಗಿ ಬೇಕಾಗ್ಯಾದ!"

ಹೊಳೆಯೆದುರು ನಿಂತು ಆಡಬಾರದ ಮಾತು ಅದು. ಆದರೆ ಮುಂಬಯಿಯ ನೀರು ಕುಡಿದು ಬಂದವನಿಗೆ ಬುದ್ಧಿ ಹೇಳುವವರು ಯಾರು?

ಮುಂಬಯಿಯ ಬಂದರಿನಲ್ಲಿ ಶ್ರೀಮಂತರ ದೋಣಿಗಳಿಗೆ ಹಾಯಿ ಹೊಲಿಯುವುದು ಅವನ ಕಸುಬು. ಬಿಳಿಯರ ಸಂಸಾರಗಳು ದೋಣಿಯಲ್ಲೇ ಉಂಡು, ದೋಣಿಯಲ್ಲೇ ಮಲಗಿ, ರಜೆಯಿಡೀ ದ್ವೀಪದಿಂದ ದ್ವೀಪಕ್ಕೆ ತಿರುಗುವುದನ್ನು ಕಂಡು ಆಸೆ ತಲೆಗೇರಿತ್ತು. ೧೯೮೫ರ ದೀಪಾವಳಿಗೆ ಹೆಂಡತಿಯ ತವರು ಘತ್ತರಗಿಗೆ ಬಂದವನೇ ಹುಸೇನಸಾಬನ ಹಳೆಯ ದೋಣಿ ಕೊಂಡ. ಕಂಬ ನೆಟ್ಟ, ಹಾಯಿ ಕಟ್ಟಿದ, ಬಿಸಿಲಿಗೆ ತಟ್ಟಿಯ ಮಾಡು ಹೊದಿಸಿದ. ಮಳೆಗಾಲ ಮುಗಿದಿದ್ದರೂ ಭೀಮೆ ತುಂಬಿಯೇ ಇದ್ದಳು.

ಹೆಂಡತಿ ಸುಮಿತ್ರಾಬಾಯಿಗೆ ಮನಸ್ಸಿರಲಿಲ್ಲ. ಅವಳ ಮೊದಲೆರಡು ಕೂಸುಗಳು ಇದೇ ತವರಿನಲ್ಲಿ, ಒಣ ತೊಟ್ಟಿಲಿನಲ್ಲಿ ಬಾಯಿಂದ ನೀರು ಸುರಿಸಿಕೊಂಡು ಸತ್ತಿದ್ದವು. ದಾಯಾದಿಗಳು ಮಾಡಿಸಿದ ಮಾಟ ಎಂದರು ಜನ. ಮೂರನೆಯವಳು ರೇವಮ್ಮ. ಅವಳಿಗೂ ಹಾಗೇ ಆದಾಗ ಸುಮಿತ್ರಾಬಾಯಿಯ ತಾಯಿ ಭಾಗಮ್ಮ ಯಾರಿಂದಲೋ ಮಂತ್ರ ಹಾಕಿಸಿ, ಗಂಟು ಕಟ್ಟಿ ಹೊಳೆಗೆ ಬಿಟ್ಟು ಬಂದಿದ್ದಳು. ಕೂಸು ಉಳಿಯಿತು. ಈಗ ಏಳು ವರ್ಷದವಳು. ದೌಲತರಾಯನನ್ನು ಕೇಳಿದರೆ ಮಗಳನ್ನು ಉಳಿಸಿದ್ದು ಡಾಕ್ಟರನ ಸೂಜಿ.

ಆದರೂ ಮೂವರೂ ದೋಣಿ ಹತ್ತಿ ಪ್ರವಾಹದ ಜೊತೆ ಹೊರಟರು. ಎರಡು ದಿನ ಹಬ್ಬವೇ ಹಬ್ಬ. ಕಟಿರೊಟ್ಟಿ, ಶೇಂಗಾ ಹಿಂಡಿ, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡುವ ಮಗಳ ಆಟ. ಮೂರನೆಯ ದಿನ ಗಾಳಿಗೆ ಹಾಯಿ ನಡುವೆ ಹರಿಯಿತು. ದೋಣಿಯನ್ನು ಜಾಲಿ ಬೆಳೆದ ನಡುಗಡ್ಡೆಯೊಂದಕ್ಕೆ ಕಟ್ಟಿ, ಹೆಂಡತಿ ಒಲೆ ಹೂಡುವಷ್ಟರಲ್ಲಿ ದೌಲತರಾಯ ಆಚೆ ಬದಿಗೆ ಹೋದ.

ಅಲ್ಲಿ, ಜಾಲಿಯ ಬುಡದಲ್ಲಿ, ಹಸಿರು ಇಲಕಲ್ ಸೀರೆ.

ಸುತ್ತ ಕೊಳೆತ ನಿಂಬೆಯ, ಹಳೆಯ ಕರ್ಪೂರದ ವಾಸನೆ. ಹಕ್ಕಿಯ ಸದ್ದೂ ಇರಲಿಲ್ಲ. ಹಾಯಿ ಹೊಲಿಯುವವನ ಬೆರಳು ಸುಮ್ಮನಿದ್ದೀತೆ? ಮುಟ್ಟಿದ. ಬಟ್ಟೆ ಗಟ್ಟಿಯಾಗಿತ್ತು, ಈಗಷ್ಟೇ ಗಂಜಿ ಹಾಕಿದ ಹಾಗೆ. ಬಿಸಿಲಲ್ಲಿ ಬಿದ್ದಿದ್ದರೂ ತಣ್ಣಗಿತ್ತು. ಸೆರಗಿನ ಗಂಟು ಬಿಚ್ಚಿದ. ಅಕ್ಕಿ, ಕೊಳೆತ ನಿಂಬೆ, ಕಟ್ಟಿಗೆಯದೊಂದು ಪುಟ್ಟ ತೊಟ್ಟಿಲು. ಅವನ್ನೆಲ್ಲ ಕಾಲಿನಿಂದ ನೀರಿಗೆ ನೂಕಿದ. ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಹರಿದ ಹಾಯಿಗೆ ಒತ್ತೊತ್ತಾಗಿ ಹೊಲಿಗೆ ಹಾಕಿದ. ಇಂಥ ಬಟ್ಟೆ ಬಂದರಿನಲ್ಲೂ ಸಿಗದು ಎಂದು ಹಿಗ್ಗಿದ.

ಮೂಡಗಾಳಿಗೆ ದೋಣಿ ಪ್ರವಾಹಕ್ಕೆ ಎದುರಾಗಿ ಘತ್ತರಗಿಯತ್ತ ಹೊರಟಿತು. ಸ್ವಲ್ಪ ಹೊತ್ತಿಗೆ ಗಾಳಿ ಸತ್ತಿತು. ದಂಡೆಯ ಎಲೆಯೊಂದೂ ಅಲುಗಲಿಲ್ಲ. ಹಾಯಿ ಮಾತ್ರ ಉಬ್ಬಿಕೊಂಡೇ ಇತ್ತು. ದೋಣಿಯ ವೇಗ ಹೆಚ್ಚಿತು.

ಊರು ಕಾಣುವಾಗ ರೇವಮ್ಮ ಕೆಮ್ಮಿದಳು. ಅಂಗೈ ತುಂಬ ನೀರು.

"ಹೊಳಿ ನೀರು ಕುಡದ್ಯೇನವಾ?" ಎಂದ ದೌಲತರಾಯ.

ಮಗಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಕೆಮ್ಮಿದಳು. ಈ ಸಲ ನೀರಿನ ಜೊತೆ ಹಸಿರು ದಾರದ ಎಳೆ.

ಸುಮಿತ್ರಾಬಾಯಿ ಮಾಡಿನ ಕತ್ತಲೆಯಿಂದ ಹೊರಗೆ ತೆವಳಿ ಬಂದು ಮೊದಲ ಸಲ ಹಾಯಿಯತ್ತ ನೋಡಿದಳು. ಹಸಿರಿನ ನಡುವೆ ಕೆಂಪು ದಾರದ ತೇಪೆ. ಸೀಮಂತದ ಆರತಿಯ ಕಿಡಿ ಬಿದ್ದು ಸುಟ್ಟ ಜಾಗಕ್ಕೆ ಅವಳೇ ಹಾಕಿದ್ದ ತೇಪೆ.

"ಇದು ನನ್ನ ಕುಬಸದ ಸೀರಿ," ಎಂದಳು. "ಅವ್ವ ಇದನ್ನೇ ಹೊಳೀಗಿ ಬಿಟ್ಟಿದ್ಲು. ಏಳು ವರ್ಷ ಆತ್ರಿ. ನೀವು ತಿರುಗಿ ಮನೀಗಿ ಒಯ್ಯಾಕತ್ತೀರಿ!"

"ಏನ್ ಹುಚ್ಚಿ ಅದೀಯೇ! ಡಾಕ್ಟರ್ ಬೇಕಂದ್ರ ದಂಡಿ ಹತ್ತಬೇಕು!"

ಹುಟ್ಟು ಹಾಕಿದ. ದಂಡೆ ಹತ್ತಿರ ಬಂತು. ಮಗಳ ತುಟಿ ನೀಲಿಯಾಯಿತು. ಇನ್ನೂ ಹತ್ತಿರ. ಕಣ್ಣು ಮೇಲಾದವು. ಬಾಯಿಂದ ನೀರು ಧಾರೆಯಾಗಿ ಸುರಿಯಿತು. ಎರಡು ತೊಟ್ಟಿಲುಗಳು ಅವನ ನೆನಪಿಗೆ ಬಂದವು. ಒಣ ತೊಟ್ಟಿಲುಗಳು.

ಅಯ್ಯೋ, ಅವನು ತಪ್ಪು ಮಾಡಿದ್ದ.

ಚೂರಿ ತೆಗೆದ. ಹೊಲಿಗೆ ಹರಿದ. ಸೀರೆ ಕಿತ್ತು ನೀರಿಗೆ ಎಸೆದ. ಅದು ಮುಳುಗಿತು. ಆಚೆ ಬದಿಯಲ್ಲಿ ಎದ್ದಿತು. ಪ್ರವಾಹಕ್ಕೆ ಎದುರಾಗಿ ಬಂದು ದೋಣಿಗೆ ಅಂಟಿತು. ಲಂಗರಿನ ಕಲ್ಲು ಕಟ್ಟಿ ಎಸೆದ. ಬರೀ ಸೀರೆ ತಿರುಗಿ ಬಂತು. ದೋಣಿಯ ಅಂಚು ಹಿಡಿದು ಮೇಲಕ್ಕೆ ಹತ್ತತೊಡಗಿತು, ಮಗಳಿದ್ದ ಕಡೆಗೆ.

ಹಸಿರು ಹಾಯಿಯನ್ನು ದೂರದಿಂದಲೇ ಕಂಡು ಹುಸೇನಸಾಬ ಹರಿಗೋಲು ತಂದಿದ್ದ. ಎರಡು ಮಾರು ದೂರದಲ್ಲೇ ನಿಂತು ಕೂಗಿದ: "ಅದಕ್ಕ ಮನಿ ದಾರಿ ಗೊತ್ತಾಗ್ಯಾದ್ರಿ! ಇನ್ನ ಹೊಳ್ಯಾಗ ಯಾರರೆ ಹಿಡ್ಕೊಂಡು ಕುಂತ್ರನ ನಿಂದ್ರತದ!"

"ಎಷ್ಟು ದಿನಾ?"

ಹುಸೇನಸಾಬ ಹರಿಗೋಲನ್ನು ದೋಣಿಯ ಮಗ್ಗುಲಿಗೆ ತಂದ.

ದೌಲತರಾಯ ಸೀರೆಯನ್ನು ಎಳೆದು ಸೊಂಟಕ್ಕೆ ಸುತ್ತಿಕೊಂಡ. ಒಂದು ಸುತ್ತು. ಎರಡು. ಅದು ತಾನಾಗಿಯೇ ಬಿಗಿಯಿತು. ಹೆಂಡತಿ ಮಗಳನ್ನೆತ್ತಿಕೊಂಡು ಹರಿಗೋಲಿಗೆ ಇಳಿದಳು. ಅವನು ದೋಣಿಯನ್ನು ನಡುಹೊಳೆಗೆ ನೂಕಿದ. ದೂರವಾದಷ್ಟೂ ಕೆಮ್ಮು ಇಳಿಯಿತು. ಕಡೆಗೆ ಮಗಳ ಅಳು ಕೇಳಿಸಿತು, ದೊಡ್ಡದಾಗಿ, ಎದೆ ತುಂಬಿದ ಉಸಿರಿನಿಂದ. ಅವನೂ ಅತ್ತ.

ಅಂದಿನಿಂದ ಅವನು ದೋಣಿಯಲ್ಲೇ ಇದ್ದಾನೆ. ಸುಮಿತ್ರಾಬಾಯಿ ದಂಡೆಯ ಕಲ್ಲಿನ ಮೇಲೆ ರೊಟ್ಟಿಯ ಗಂಟು ಇಟ್ಟು ಹೋಗುತ್ತಾಳೆ, ಅವನು ಗಳದಿಂದ ಎಳೆದುಕೊಳ್ಳುತ್ತಾನೆ. ಸೊಂಟದ ಸೀರೆ ಕಡು ಬೇಸಿಗೆಯಲ್ಲೂ ಒಣಗಿಲ್ಲ.

೧೯೯೮ರಲ್ಲಿ ರೇವಮ್ಮನ ಮದುವೆಯಾಯಿತು. ಬೆಳಗಿನ ಬಿಸಿಲಿನಲ್ಲಿ, ಬಾಸಿಂಗ ಕಟ್ಟಿಕೊಂಡೇ, ಅಪ್ಪನ ಆಶೀರ್ವಾದಕ್ಕೆಂದು ಗಂಡನ ಜೊತೆ ಹೊಳೆಗೆ ಇಳಿದು ಬಂದಳು. "ಅಪ್ಪಾ," ಎಂದು ಮರಳಿನಲ್ಲಿ ತಲೆಯಿಟ್ಟು ನಮಸ್ಕರಿಸಿದಳು. ದೌಲತರಾಯ ಮೈಮರೆತ. ದೋಣಿಯನ್ನು ದಂಡೆಗೆ ತಂದು ಒಂದು ಕಾಲನ್ನು ಒದ್ದೆ ಮರಳಿನ ಮೇಲೆ ಊರಿದ.

ಮಗಳು ಕೆಮ್ಮಿದಳು. ಅರಿಶಿನದ ಅಂಗೈಯಲ್ಲಿ ನೀರು.

ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ದೋಣಿಯನ್ನು ದೂರ ನೂಕಿ, ರೊಟ್ಟಿಯ ಗಂಟಿನಲ್ಲಿ ಬಂದಿದ್ದ ಅಕ್ಷತೆಯನ್ನು ನಡುಹೊಳೆಯಿಂದಲೇ ಎಸೆದ. ಒಂದು ಕಾಳೂ ದಂಡೆ ಮುಟ್ಟಲಿಲ್ಲ.