ಆರನೆಯ ಬಂದರು

ಇಪ್ಪತ್ತೇಳು ವರ್ಷ ಬೀಗ ಮಾಡಿದವನಿಗೆ ಕೊನೆಗೆ ಸಿಕ್ಕಿದ್ದು ಹಡಗಿನ ಟಿಕೆಟ್ಟು. ಅದೂ ಎಂಥವನಿಗೆ? ನೀರು ಮೊಣಕಾಲು ಮುಟ್ಟಿದರೆ ಮೈಯೆಲ್ಲ ನಡುಗುವವನಿಗೆ. ಹಲ್ಲಿಲ್ಲದವನಿಗೆ ಕಡಲೆ ಅನ್ನೋಣವೆಂದರೆ, ಕಡಲೆಯನ್ನಾದರೂ ಕುಟ್ಟಿ ತಿನ್ನಬಹುದು. ಸಮುದ್ರವನ್ನು ಏನು ಮಾಡುವುದು?

ತಿಜೋರಿ ಕಾರ್ಖಾನೆಯಲ್ಲಿ ಅವನನ್ನು ಎದುರಿಗೆ ಮೇಸ್ತ್ರಿ ಅನ್ನುತ್ತಿದ್ದರು, ಬೆನ್ನ ಹಿಂದೆ ದಡದಪ್ಪ. ಹನ್ನೊಂದನೇ ವಯಸ್ಸಿಗೆ ಕೆರೆಯಲ್ಲಿ ಮುಳುಗಿ ಬದುಕಿದವನು, ಆಮೇಲೆ ದಡ ಬಿಟ್ಟವನೇ ಅಲ್ಲ. ಕೂದಲು ಹಿಡಿದು ಮೇಲಕ್ಕೆಳೆದದ್ದು ಒಂದು ವರ್ಷ ಚಿಕ್ಕವನಾದ ತಮ್ಮ. ಮುಳುಗಿದ ಕತೆ ಕಾರ್ಖಾನೆಯವರಿಗೆಲ್ಲ ಗೊತ್ತಿತ್ತು. ಎಳೆದವನು ಯಾರು ಅಂತ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಕಾರ್ಖಾನೆಗೆ ಹೆಸರು ತಂದ ಮೂರು ನಾಲಿಗೆಯ ಬೀಗ ಅವನ ತಲೆಯಲ್ಲಿ ಹುಟ್ಟಿದ್ದು. ಹಿತ್ತಾಳೆ ಪಟ್ಟಿಯ ಮೇಲಿದ್ದದ್ದು ಯಜಮಾನರ ಹೆಸರು. "ಮುಂದಿನ ವರ್ಷ ನಿಮ್ಮನ್ನ ಪಾಲುದಾರರನ್ನಾಗಿ ಮಾಡ್ಕೋತೀನಿ ಮೇಸ್ತ್ರಿ" ಎಂಬ ಮಾತು ಹದಿನಾಲ್ಕು ವರ್ಷದಿಂದ ಮುಂದಿನ ವರ್ಷದಲ್ಲೇ ಇತ್ತು. ಈ ಸಲ ಎಲ್ಲರನ್ನೂ ಸೇರಿಸಿ, ಹಾರ ಹಾಕಿ, ಕೈಗೊಂದು ಲಕೋಟೆ ಕೊಟ್ಟರು. ಮೆಡಿಟರೇನಿಯನ್ ಸಮುದ್ರದಲ್ಲಿ ಇಪ್ಪತ್ತನಾಲ್ಕು ದಿನ, ಒಂಬತ್ತು ಬಂದರು.

"ನಮ್ಮ ಮೇಸ್ತ್ರಿ ಯಾವ ಬೀಗಕ್ಕೂ ಹೆದರಲ್ಲ, ನೀರಿಗೆ ಮಾತ್ರ ಹೆದರ್ತಾರೆ. ಆ ಭಯಾನೂ ಬಿಡಿಸೋಣ ಅಂತ!" ಎಂದರು ಯಜಮಾನರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಮೂಗಿಗೆ ತುಪ್ಪ ಸವರುವುದನ್ನು ಕಂಡಿದ್ದ, ಹೀಗೆ ನಾಲ್ಕು ಜನರ ಮುಂದೆ ಮೂಗು ಹಿಡಿದು ಸವರಿದ್ದನ್ನು ಕಂಡಿರಲಿಲ್ಲ.

ಟಿಕೆಟ್ಟನ್ನು ಚರಂಡಿಗೆ ಎಸೆಯಬೇಕೆಂದು ಹೊರಟವನು ಮನೆ ಮುಟ್ಟುವ ಹೊತ್ತಿಗೆ ಅದನ್ನು ಎದೆಯ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದ.

ಯಜಮಾನರ ಕೋಣೆಯ ತಿಜೋರಿಯಲ್ಲಿ ಅವರ ತಾತನ ಕಾಲದ ಹನ್ನೊಂದು ಚಿನ್ನದ ಜೇಬುಗಡಿಯಾರಗಳಿದ್ದವು. ಪ್ರತಿ ಶುಕ್ರವಾರ ಬೆಳಿಗ್ಗೆ ಯಜಮಾನರು ಬಾಗಿಲು ಹಾಕಿಕೊಂಡು ಒಂದೊಂದಕ್ಕೂ ಕೀಲಿ ಕೊಡುವರು. ಹೆಂಡತಿ ಕರೆದರೂ ಆಗ ಓಗೊಡುವವರಲ್ಲ. ಮೂರು ನಾಲಿಗೆಯ ಆ ತಿಜೋರಿಯನ್ನು ಕೀಲಿಯಿಲ್ಲದೆ, ಒಡೆಯದೆ ತೆರೆಯಬಲ್ಲವನು ಭೂಮಿಯ ಮೇಲೆ ಒಬ್ಬನೇ. ಅದೇ ಇಷ್ಟು ವರ್ಷ ಅವನ ಕೈ ಕಟ್ಟಿದ್ದು. ಗಡಿಯಾರ ಹೋದ ಮರುಗಳಿಗೆ ಎಲ್ಲರ ಬೆರಳೂ ಅವನ ಕಡೆಗೇ ತಿರುಗುತ್ತಿತ್ತು. ಆದರೆ ಆ ಒಬ್ಬನು ಸಮುದ್ರದ ನಡುವೆ ಇದ್ದರೆ? ಬಂದರು ಬಂದಾಗಲೆಲ್ಲ ಇಳಿಯುವಾಗ, ಹತ್ತುವಾಗ ಕಾರ್ಡು ಒತ್ತಿ, ಬಾಗಿಲ ಕ್ಯಾಮೆರಾಕ್ಕೆ ಮುಖ ಕೊಟ್ಟಿದ್ದರೆ?

ಯಜಮಾನರೇ ಬೀಗದ ಕೈ ಕೊಟ್ಟಂತಾಯಿತು.

ತಮ್ಮ ಬೇರೆ ಊರಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದ, ಒಂಟಿ ಜೀವ. ಅಣ್ಣತಮ್ಮಂದಿರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರು. ತಮ್ಮನ ಮೀಸೆ ತೆಗೆಸಿ, ಕೂದಲು ಹಿಂದಕ್ಕೆ ಬಾಚಿಸಿದರೆ ಪಾಸ್‌ಪೋರ್ಟಿನ ಮುಖ ಅವನದೇ.

"ನನ್ನ ಕೈಲಿ ಆಗಲ್ಲ ಕಣೋ, ನೀರಂದ್ರೆ ನನಗೆ ಹೇಗೆ ಅಂತ ನಿನಗೇ ಗೊತ್ತು. ಟಿಕೆಟ್ಟು ಬೇರೆಯವರ ಹೆಸರಿಗೆ ಆಗಲ್ಲ, ಹೋಗಲ್ಲ ಅಂದ್ರೆ ಯಜಮಾನ್ರಿಗೆ ಬೇಜಾರು. ನನ್ನ ಹೆಸರಲ್ಲಿ ನೀನು ಹೋಗಿ ಬಾ."

"ನಾನಾ? ಅಣ್ಣಾ, ನಿಜವಾಗ್ಲೂ ನಾನಾ?" ಎಂದ ತಮ್ಮ. ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುವುದನ್ನೂ ಮರೆತು ಅಣ್ಣನ ತೋಳು ಹಿಡಿದುಕೊಂಡ.

"ಎರಡು ಮಾತು ನೆನಪಿಡು. ದಿನಾ ರಾತ್ರಿ ಬರೆದಿಡು. ಏನು ನೋಡ್ದೆ, ಎಲ್ಲಿ ಕೂತೆ, ಬಾಗಿಲಿಗೆ ಯಾವ ಬಣ್ಣ ಬಳಿದಿದ್ರು, ಎಲ್ಲಾ. ಇನ್ನೊಂದು, ಯಾರ ಕಣ್ಣಿಗೂ ಬೀಳಬೇಡ. ನಿನ್ನನ್ನ ನೆನಪಿಟ್ಕೊಳ್ಳೋ ಅಂಥದ್ದು ಒಂದೂ ಮಾಡಬೇಡ. ಗೊತ್ತಾದ್ರೆ ನನ್ನ ಕೆಲಸ ಹೋಗತ್ತೆ."

ತಮ್ಮ ತಲೆಯಾಡಿಸಿದ. ಅಣ್ಣನ ಮಾತು ಮೀರಿ ಅವನಿಗೆ ಗೊತ್ತೇ ಇರಲಿಲ್ಲ. ಅಣ್ಣನ ಅಂಗಿ, ಅಣ್ಣನ ಕಂದು ಬೂಟು ತೊಟ್ಟು ಹಡಗು ಹತ್ತಿದ.

ಮೇಸ್ತ್ರಿ ತಮ್ಮನ ಮನೆಯಲ್ಲಿ ತಮ್ಮನಾಗಿ ಉಳಿದ. ಅಂಗಡಿಯ ಶಟರ್ ಇಳಿಸಿ, ಮೈಗೆ ಹುಷಾರಿಲ್ಲ ಎಂದು ಅಕ್ಕಪಕ್ಕದವರಿಗೆ ಹೇಳಿದ. ಮೈಬಣ್ಣವನ್ನೂ ಮರೆಯಲಿಲ್ಲ, ಹಡಗಿನಿಂದ ಬಂದವನು ಬೆಳ್ಳಗಿರಬಾರದಲ್ಲ, ದಿನಾ ಮಧ್ಯಾಹ್ನ ತಾರಸಿಯ ಮೇಲೆ ಕೂತು ಮುಖ, ಕೈ ಸುಟ್ಟುಕೊಂಡ. ಹದಿನಾರನೇ ದಿನ ಭಾನುವಾರ. ಕಾರ್ಖಾನೆಗೆ ರಜ. ಕಾವಲಿನ ಅಜ್ಜ ಊಟಕ್ಕೆ ಹೋಗುವ ಮುಕ್ಕಾಲು ಗಂಟೆ ಸಾಕಾಗಿತ್ತು. ಮೂರು ನಾಲಿಗೆಗಳೂ ಸಾಕಿದ ಪ್ರಾಣಿಗಳ ಹಾಗೆ ಅವನ ಮಾತು ಕೇಳಿದವು. ಗಡಿಯಾರಗಳನ್ನು ಮನೆಗೆ ಒಯ್ಯಲಿಲ್ಲ, ಅಷ್ಟು ದಡ್ಡನಲ್ಲ. ಕಾರ್ಖಾನೆಯ ಬಾಗಿಲಲ್ಲೇ ಪ್ರದರ್ಶನಕ್ಕೆಂದು ನಿಲ್ಲಿಸಿದ, ಕೀಲಿ ಕಳೆದುಹೋದ ಹಳೇ ತುಕ್ಕು ತಿಜೋರಿಯೊಳಗೆ ಇಟ್ಟು ಮುಚ್ಚಿದ. ದೀಪದ ಬುಡದಲ್ಲೇ ಕತ್ತಲೆ. ಮುಂದೆ ಪೊಲೀಸರು ಅದಕ್ಕೇ ಮೊಣಕೈ ಊರಿ ಹೇಳಿಕೆ ಬರೆದುಕೊಂಡರಂತೆ.

ಶುಕ್ರವಾರ ಯಜಮಾನರು ಕೀಲಿ ಕೊಡಲು ಹೋಗಿ ಕೂಗಿಕೊಂಡರು. ಇನ್‌ಸ್ಪೆಕ್ಟರ್ ಮೊದಲು ವಿಚಾರಿಸಿದ್ದೇ ಮೇಸ್ತ್ರಿಯ ಬಗ್ಗೆ. ಹಡಗಿನ ಕಚೇರಿಯಿಂದ ಪಟ್ಟಿ ಬಂತು: ಪ್ರತಿ ಬಂದರಿನಲ್ಲೂ ಇಳಿದಿದ್ದಾರೆ, ಹತ್ತಿದ್ದಾರೆ, ಮುಖ ತಾಳೆಯಾಗಿದೆ. ಬೆರಳು ಬೇರೆ ಕಡೆ ತಿರುಗಿತು. ಗೇಟಿನ ಕೀಲಿ ಇದ್ದದ್ದು ಕಾವಲಿನ ಅಜ್ಜನ ಸೊಂಟದಲ್ಲಿ. ಅಜ್ಜನನ್ನು ಕರೆದೊಯ್ದರು.

ತಮ್ಮ ಪ್ರವಾಸ ಮುಗಿಸಿ ಬಂದ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಅಣ್ಣತಮ್ಮ ಬಟ್ಟೆ, ಪಾಸ್‌ಪೋರ್ಟು ಬದಲಾಯಿಸಿಕೊಂಡರು. ಮೇಸ್ತ್ರಿಗೆ ಸಿಟ್ಟು ಬಂದದ್ದು ಬೂಟು ನೋಡಿ. ಚರ್ಮ ಸೆಟೆದು, ಸುತ್ತಲೂ ಉಪ್ಪಿನ ಬಿಳಿ ಗೆರೆ ಎದ್ದಿತ್ತು.

"ಏನೋ ಇದು?"

"ಅಲೆ ಬಡೀತಣ್ಣ" ಎಂದ ತಮ್ಮ, ನೆಲ ನೋಡುತ್ತ.

ತಮ್ಮನ ನೋಟ್‌ಬುಕ್ಕನ್ನು ಮೇಸ್ತ್ರಿ ಪರೀಕ್ಷೆಗೆ ಓದುವಂತೆ ಓದಿದ. ಪುಣ್ಯಾತ್ಮ, ಒಂದೊಂದು ಬಂದರಿಗೂ ನಾಲ್ಕು ನಾಲ್ಕು ಪುಟ ಬರೆದಿದ್ದ. ಆರನೆಯದಕ್ಕೆ ಮಾತ್ರ ಒಂದೂವರೆ ಸಾಲು: 'ಇಲ್ಲಿ ಹೇಳುವಂಥದ್ದು ಏನೂ ಇಲ್ಲ. ಕಲ್ಲಿನ ಕಟ್ಟೆ ಇದೆ.' ಬರೆದು ಬರೆದು ಸುಸ್ತಾಗಿರಬೇಕು ಅಂದುಕೊಂಡ.

ವಾರದ ನಂತರ ಯಜಮಾನರ ಮನೆಯ ಹಜಾರದಲ್ಲಿ ಸಂಜೆ ಐದಕ್ಕೆ ಕಾರ್ಖಾನೆಯವರೆಲ್ಲ ಸೇರಿದರು. ನಡೆದದ್ದು ನಡೆಯಿತು, ಮೇಸ್ತ್ರಿಯ ಬಾಯಲ್ಲಿ ಪ್ರವಾಸದ ಕತೆಯಾದರೂ ಕೇಳೋಣ ಎಂದು ಯಜಮಾನರ ಆಸೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಂದರುಗಳ ಚಿತ್ರಗಳು ಬೀಳುತ್ತಿದ್ದವು. ಇನ್‌ಸ್ಪೆಕ್ಟರೂ ಬಂದು ಹಿಂದಿನ ಸಾಲಿನಲ್ಲಿ ಟೀ ಹಿಡಿದು ಕೂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನಲ್ಲ ಮೇಸ್ತ್ರಿ, ಅವರಿಗೆ ನಮಸ್ಕಾರ ಹೇಳಿ, ಕುಶಲ ಕೇಳಿ, "ಪಾಪ, ಅಜ್ಜನ್ನ ಬಿಡಲ್ವಾ ಸಾರ್?" ಎಂದೂ ಕೇಳಿದ.

"ನೋಡೋಣ" ಎಂದರು ಇನ್‌ಸ್ಪೆಕ್ಟರ್.

ಆಮೇಲೆ ಅವನು ಹೇಳಿದ ಚೆಂದ ಏನು ಕೇಳುತ್ತೀರಿ! ಮೊದಲ ಬಂದರಿನ ಮೀನಿನ ಸಂತೆಯ ಗಲಾಟೆ, ಎರಡನೆಯದರ ನೀಲಿ ಬಾಗಿಲುಗಳು. ಮೂರನೆಯದರಲ್ಲಿ ಗುಡ್ಡದ ತುದಿಯವರೆಗೆ ಮೆಟ್ಟಿಲೇ ಬೀದಿ. ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ನಿಂಬೆಮರದ ಕೆಳಗೆ ಕೂತು, ಬೂಟು ಕಳಚಿ ಪಾದ ಒತ್ತಿಕೊಂಡ ಸುಖ. ತಮ್ಮನ ಪದಗಳು ನಾಲಿಗೆಯ ಮೇಲೆ ತಾವಾಗಿ ಬರುತ್ತಿದ್ದವು. ಹೇಳುತ್ತ ಹೇಳುತ್ತ, ಹೋಗಿದ್ದರೆ ಚೆನ್ನಾಗಿರುತ್ತಿತ್ತು ಎಂದು ಒಂದು ಕ್ಷಣ ಅವನಿಗೇ ಆಸೆಯಾಯಿತು.

"ಎಲ್ಲಕ್ಕಿಂತ ಇಷ್ಟವಾದ್ದು ಯಾವುದು ಮೇಸ್ತ್ರಿ?" ಎಂದರು ಯಜಮಾನರ ಹೆಂಡತಿ.

"ಮೂರನೇದೇ ಅಮ್ಮ. ಅಲ್ಲೇ ಇದ್ದುಬಿಡೋಣ ಅನ್ನಿಸ್ತು."

"ಆರನೇದರ ಬಗ್ಗೆ ಏನೂ ಹೇಳಲೇ ಇಲ್ಲ?" ಯಜಮಾನರು ಕೇಳಿದರು. ಅವರ ತುಟಿಯಲ್ಲಿ ಏನೋ ಗುಟ್ಟಿನ ನಗೆ ಇತ್ತು.

"ಅದರಲ್ಲೇನಿದೆ, ಸುಮ್ಮನೆ ಒಂದು ಕಲ್ಲಿನ ಕಟ್ಟೆ. ಸ್ವಲ್ಪ ಹೊತ್ತು ಇಳಿದು ನಿಂತೆ, ಬಿಸಿಲು ಅಂತ ವಾಪಸ್ ಹತ್ತಿಬಿಟ್ಟೆ."

ಯಜಮಾನರು ಚಪ್ಪಾಳೆ ತಟ್ಟಿದರು. "ಕಂಡ್ರಾ ದೊಡ್ಡತನ! ಬಾಯಿ ಬಿಡಲ್ಲ ನೋಡಿ ಮನುಷ್ಯ. ಟಿಕೆಟ್ ತೆಗೆಸಿದ್ದು ನಾನಲ್ವಾ, ಹಡಗಿನವರ ಕಾಗದ ಇವತ್ತು ಬೆಳಿಗ್ಗೆ ನನಗೇ ಬಂತು." ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಆರನೆಯ ಬಂದರಿನ ಕಟ್ಟೆಯಿಂದ ಐದು ವರ್ಷದ ಹುಡುಗಿಯೊಬ್ಬಳು ಸಮುದ್ರಕ್ಕೆ ಬಿದ್ದಳು. ಬೂಟನ್ನೂ ಕಳಚದೆ ಒಬ್ಬರು ಹಾರಿದರು, ಅಲೆಗಳಲ್ಲಿ ಬಹುದೂರ ಈಜಿ, ಕೂದಲು ಹಿಡಿದು ಮಗುವನ್ನು ಎಳೆದು ತಂದರು. ಮಗುವಿನ ತಾಯಿ ಅವರ ಹೆಸರು ಕೇಳಿದರೆ ಹೇಳದೆ ಓಡಿಹೋದರು. ಆ ದಿನ ಒದ್ದೆ ಬಟ್ಟೆಯಲ್ಲಿ ಹಡಗು ಹತ್ತಿದವರು ಒಬ್ಬರೇ ಎಂದು ಬಾಗಿಲ ಕ್ಯಾಮೆರಾದಿಂದ ತಿಳಿದು, ಅವರಿಗೆ ತಾಯಿಯ ಕೃತಜ್ಞತೆಯನ್ನು ನಿಮ್ಮ ಮೂಲಕ ತಲುಪಿಸುತ್ತಿದ್ದೇವೆ. "ದಡದಪ್ಪ ಈಜಿದ್ನಾ?" ಎಂದು ಯಾರೋ ನಕ್ಕರು, ಇನ್ನೊಬ್ಬರೂ ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಯಜಮಾನರ ಮುಖದ ಹಿಗ್ಗು ಮೆಲ್ಲಗೆ ಇಳಿಯಿತು. "ಮೇಸ್ತ್ರಿ, ನಿಮಗೆ ಈಜು ಯಾವಾಗ ಬಂತು?" ಎಂದರು. ಹಿಂದಿನ ಸಾಲಿನಲ್ಲಿ ಇನ್‌ಸ್ಪೆಕ್ಟರ್ ಟೀ ಲೋಟ ಕೆಳಗಿಟ್ಟು ಎದ್ದು ಬಂದು, ಪಕ್ಕದ ಕುರ್ಚಿಯಲ್ಲಿ ಕೂತು, ತೀರಾ ಮೆತ್ತಗೆ ಕೇಳಿದರು: "ನಿಮಗೆ ಅಣ್ಣತಮ್ಮಂದಿರು ಯಾರಾದ್ರೂ ಇದ್ದಾರಾ?" ಮೇಸ್ತ್ರಿ ತನ್ನ ಕಾಲಿನ ಕಡೆ ನೋಡಿದ. ಎರಡು ಸಲ ಪಾಲಿಶ್ ಹಾಕಿದರೂ ಬೂಟಿನ ಮೇಲೆ ಉಪ್ಪಿನ ಗೆರೆ ಹಾಗೇ ಇತ್ತು.